ರಕ್ಷಿಸಿ ತಂದ ಗ್ರೇಟ್ ಡೇನ್ ನಾಯಿಮರಿ ಎಲುಬಿನ ಹಂದರವಾಗಿದೆ. ಬೇಗ ದಪ್ಪ ಮಾಡಿ ದತ್ತು ಕೊಡಬಹುದೇ?

ಬೇಡ, ನಿಧಾನವಾಗಿಯೇ ಮೈ ತುಂಬಿಕೊಳ್ಳಲಿ. ದೈತ್ಯ ತಳಿಯ ಮರಿಗಳ ಮೂಳೆ ಬೆಳೆಯುವುದು ತುದಿಯ ಮೃದುವಾದ ಪಟ್ಟಿಗಳಲ್ಲಿ. ಅವು ಗಟ್ಟಿಯಾಗಲು ಸುಮಾರು ಒಂದೂವರೆ ವರ್ಷ ಬೇಕು. ಅದಕ್ಕೆ ಮೊದಲೇ ಅವಸರದಲ್ಲಿ ತೂಕ ಏರಿಸಿದರೆ ಕೀಲುಗಳು ಕೆಡಬಹುದು. ಕನಿಕರದಿಂದ ಕ್ಯಾಲ್ಸಿಯಂ ಪುಡಿ ಬೆರೆಸುವವರೂ ಇದ್ದಾರೆ. ಎಳೆಯ ಮರಿಯ ಕರುಳಿಗೆ ಹೆಚ್ಚುವರಿ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ; ಅದು ಮೈಗೆ ಸೇರಿ ಮೂಳೆಯ ಬೆಳವಣಿಗೆಯನ್ನೇ ಹದಗೆಡಿಸುತ್ತದೆ.

ಈ ತಳಿಗಳ ಮರಿಗಳಿಗೆಂದೇ ಇರುವ ಆಹಾರವನ್ನು ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪಸ್ವಲ್ಪ ಕೊಡಿ. ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ರಾಚಬಾರದು. ತೀರಾ ಉಪವಾಸ ಬಿದ್ದಿದ್ದರೆ ಮೊದಲ ದಿನಗಳ ಊಟ ಪಶುವೈದ್ಯರ ಲೆಕ್ಕದಲ್ಲೇ ನಡೆಯಲಿ.

ಮೈಮೇಲೆ ಹಾರದಂತೆ ಈಗಲೇ ಕಲಿಸಿ. 10 ಕಿಲೋ ಇದ್ದಾಗ ಮುದ್ದೆನಿಸುವ ಚಾಳಿ 60 ಕಿಲೋ ಆದಾಗ ದತ್ತು ಪಡೆದವರನ್ನು ನೆಲಕ್ಕೆ ಕೆಡವುತ್ತದೆ.