ಮದುವೆ ಮನೆಯ ಗದ್ದಲಕ್ಕೆ ತಲೆ ಚಿಟ್ಟು ಹಿಡಿದರೆ ಏನು ಮಾಡುವುದು?

ಮದುವೆಗೆ ಹೋದ ಅರ್ಧ ಗಂಟೆಗೇ ತಲೆ ಚಿಟ್ಟು ಹಿಡಿಯುತ್ತದೆ ಅಂದಿದ್ದೀರಿ. ನನಗೂ ಹಾಗೇ. ಓಲಗ, ಮೈಕು, ವಿಡಿಯೋದವರ ಲೈಟು, ಮಲ್ಲಿಗೆ ಜೊತೆ ಸಾಂಬಾರಿನ ವಾಸನೆ, ಎಲ್ಲಾ ಒಟ್ಟಿಗೆ! ಬೇಡದ್ದನ್ನೆಲ್ಲ ಪಕ್ಕಕ್ಕೆ ಸರಿಸುವ ಕೆಲಸ ಮಿದುಳಿನದು. ನಿದ್ದೆಗೆಟ್ಟಾಗ, ಹಸಿದಾಗ ಅದು ಬೇಗ ಸೋಲುತ್ತದೆ. ಹಾಗಾಗಿ ಏನಾದರೂ ತಿಂದೇ ಹೊರಡಿ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್. ಸುಮ್ನೆ ತುರುಕಿದರೆ ಬಿದ್ದುಹೋಗುತ್ತದೆ. ಬೆರಳಲ್ಲಿ ಬತ್ತಿಯ ಹಾಗೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಡಿ. ಅದು ಉಬ್ಬುವ ತನಕ 20-30 ಸೆಕೆಂಡ್ ಒತ್ತಿ ಹಿಡಿಯಿರಿ. ಮಾತು ಮೆಲ್ಲಗೆ ಕೇಳುತ್ತದೆ, ಸದ್ದು ಚುಚ್ಚುವುದಿಲ್ಲ. ದಿನವಿಡೀ ಮಾತ್ರ ಹಾಕಿಕೊಳ್ಳಬೇಡಿ, ಆಮೇಲೆ ಸಣ್ಣ ಸದ್ದೂ ಜೋರು ಅನ್ನಿಸತೊಡಗುತ್ತದೆ.

ಮೈಗ್ರೇನ್, ಆಟಿಸಂ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ) ಇರುವವರಿಗೂ ಹೀಗಾಗುವುದುಂಟು. ದಿನದ ಕೆಲಸಕ್ಕೇ ತೊಂದರೆಯಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಉಳಿದಂತೆ, ಸ್ಪೀಕರ್ ಪಕ್ಕ ಕೂರಬೇಡಿ. ಮೊದಲ ಪಂಕ್ತಿಯ ನೂಕಾಟಕ್ಕೆ ಹೋಗಬೇಡಿ. ಸಿಡುಕು ಶುರುವಾಗುವ ಮೊದಲೇ ಹತ್ತು ನಿಮಿಷ ಹೊರಗೆ ಹೋಗಿ ನಿಲ್ಲಿ. "ಎಲ್ಲಿ ಮಾಯವಾಗಿದ್ದೆ?" ಅಂತ ದೊಡ್ಡಮ್ಮ ಕೇಳಿದರೆ "ಫೋನ್ ಬಂದಿತ್ತು" ಅನ್ನಿ, ಅಷ್ಟೇ.