ಟ್ರೇಲರ್ ಗೋಡೆಗೆ ಟಿವಿ: ಸ್ಕ್ರೂ ಹೊಡೆಯುವ ಮೊದಲು ಒಳಗೇನಿದೆ ನೋಡಿ

ಪ್ರಶ್ನೆ: ನಾವಿರುವುದು ಅಮೆರಿಕದ ಅರಿಜೋನಾದಲ್ಲಿ. ಈಚೆಗೆ 24 ಅಡಿಯ ಹಳೆಯ ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆಯಂಥ ಗಾಡಿ, ಕೊಂಡೆವು. ಅದರಲ್ಲಿ ಟಿವಿ ಇರಲಿಲ್ಲ. 32 ಇಂಚಿನ ಟಿವಿಯನ್ನೂ, ಬೇಕಾದ ಕಡೆ ತಿರುಗಿಸುವ ತೋಳಿರುವ ಬ್ರಾಕೆಟ್ಟನ್ನೂ ತಂದಿಟ್ಟಿದ್ದೇವೆ. ಸೋಫಾದಿಂದಲೂ ಕಾಣಬೇಕು, ಮಲಗಿದರೂ ಕಾಣಬೇಕು ಅಂತ ಆಸೆ. ನಮ್ಮ ಭಾವ ‘ಟಿವಿ ಐದು ಕೆ.ಜಿ. ಇದ್ದರೆ ಹೆಚ್ಚು, ಉದ್ದನೆಯ ನಾಲ್ಕು ಸ್ಕ್ರೂ ಹೊಡಿ, ಮುಗೀತು’ ಅನ್ನುತ್ತಾರೆ. ಗೋಡೆ ತಟ್ಟಿದರೆ ಡಬಡಬ ಸದ್ದು. ಧೈರ್ಯ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಡ್ರಿಲ್ ಕೆಳಗಿಟ್ಟದ್ದು ಒಳ್ಳೆಯದೇ ಆಯಿತು. ಟಿವಿಯ ತೂಕದ ವಿಷಯದಲ್ಲಿ ನಿಮ್ಮ ಭಾವ ಹೇಳಿದ್ದು ಸರಿ. ಆದರೆ ಇಲ್ಲಿ ತೊಂದರೆ ಕೊಡುವುದು ತೂಕ ಅಲ್ಲ, ಆ ತೂಕ ಗೋಡೆಯಿಂದ ಎಷ್ಟು ದೂರ ನಿಂತಿದೆ ಅನ್ನುವುದು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಎರಡು ಬೀದಿ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ ನೋಡೋಣ.

ಲೆಕ್ಕ ಸುಲಭ. ತೋಳನ್ನು ಪೂರ್ತಿ ಚಾಚಿದಾಗ ಟಿವಿ ಗೋಡೆಯಿಂದ 40 ಸೆಂ.ಮೀ. ಮುಂದಿರುತ್ತದೆ ಅಂದುಕೊಳ್ಳಿ. ಗೋಡೆಗೆ ಕೂರುವ ಪಟ್ಟಿಯಲ್ಲಿ ಮೇಲಿನ ಸ್ಕ್ರೂಗೂ ಕೆಳಗಿನ ಸ್ಕ್ರೂಗೂ ನಡುವೆ 10 ಸೆಂ.ಮೀ. ಅಂತರ. ಐದು ಕೆ.ಜಿ.ಯನ್ನು 40ರಿಂದ ಗುಣಿಸಿ 10ರಿಂದ ಭಾಗಿಸಿದರೆ 20 ಬಂತು. ಅಂದರೆ ಗಾಡಿ ನಿಂತಿರುವಾಗಲೇ ಮೇಲಿನ ಸ್ಕ್ರೂಗಳನ್ನು 20 ಕೆ.ಜಿ. ತೂಕ ಹೊರಗೆ ಕೀಳುತ್ತಿರುತ್ತದೆ. ತೋಳನ್ನು ಮಡಚಿ ಟಿವಿಯನ್ನು 6 ಸೆಂ.ಮೀ.ಗೆ ತಂದರೆ ಅದು ಬರೀ 3 ಕೆ.ಜಿ. ಈಗ ಗಾಡಿ ಗುಂಡಿಗೆ ಬಿತ್ತು ಅನ್ನಿ. ಆ ಕ್ಷಣಕ್ಕೆ ಈ ಎಳೆತ ಎರಡು ಪಟ್ಟೋ ಮೂರು ಪಟ್ಟೋ ಆಗುತ್ತದೆ. ದಾರಿಯಲ್ಲಿ ತೋಳು ತಾನಾಗಿಯೇ ಬಿಚ್ಚಿಕೊಂಡರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಮನೆಗೆಂದು ಮಾರುವ ಬ್ರಾಕೆಟ್‌ನಲ್ಲಿ ಅದನ್ನು ತಡೆಯುವ ಬೀಗ ಸಾಮಾನ್ಯವಾಗಿ ಇರುವುದಿಲ್ಲ. ಗಾಡಿಗೆಂದೇ ಮಾಡಿದ್ದರಲ್ಲಿ ಎಳೆದು ಬಿಡಿಸುವ ಒಂದು ಪಿನ್ ಇರುತ್ತದೆ. ನೀವು ತಂದಿರುವುದರಲ್ಲಿ ಆ ಪಿನ್ ಇಲ್ಲದಿದ್ದರೆ ಅಂಗಡಿಗೆ ವಾಪಸ್ ಕೊಟ್ಟುಬಿಡಿ.

ಇನ್ನು ಆ ‘ಉದ್ದನೆಯ ಸ್ಕ್ರೂ’ ವಿಚಾರ. ನನಗೆ ಹೆಚ್ಚು ಹೆದರಿಕೆ ಇರುವುದು ಇದಕ್ಕೇ. ಮನೆಯ ಬ್ರಾಕೆಟ್ ಡಬ್ಬಿಯಲ್ಲಿ ಬರುವ ದಪ್ಪ ಸ್ಕ್ರೂಗಳು ಸಾಮಾನ್ಯವಾಗಿ ಎರಡರಿಂದ ಎರಡೂವರೆ ಇಂಚು ಉದ್ದ. ನಿಮ್ಮ ಟ್ರೇಲರ್‌ನ ಹೊರಗೋಡೆ ಎಲ್ಲ ಸೇರಿ ಒಂದೂವರೆಯಿಂದ ಎರಡು ಇಂಚು ದಪ್ಪ. ಸ್ಕ್ರೂ ಇನ್ನೊಂದು ಬದಿಯಲ್ಲಿ ಆಕಾಶ ನೋಡುತ್ತದೆ. ಮಳೆ ನೀರಿಗೆ ಅಷ್ಟು ತೂತು ಧಾರಾಳ ಸಾಕು.

ಗೋಡೆ ಇಷ್ಟು ತೆಳ್ಳಗೆ ಯಾಕೆ? ಅಮೆರಿಕದ ಇಂಥ ಗಾಡಿಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ. ಕಾರು ಅಥವಾ ಪಿಕಪ್ ಎಳೆಯಬೇಕಾದ ಗಾಡಿ ಇದು, ಒಂದೊಂದು ಕೆ.ಜಿ.ಗೂ ಲೆಕ್ಕ. ಹಾಗಾಗಿ ಗೋಡೆಯಲ್ಲಿ ಗಟ್ಟಿ ಇರುವುದು ಅಲ್ಲಲ್ಲಿ ಮಾತ್ರ. ಸಾಮಾನ್ಯವಾಗಿ ಕಾಣುವುದು ಎರಡು ಬಗೆ. ಹೊರಗಡೆ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ತಗಡು ಇದ್ದರೆ ಒಳಗೆ ಒಂದೂವರೆ ಇಂಚಿನ ಮರದ ರೀಪುಗಳಿರುತ್ತವೆ, ನಡುವೆ ಗಾಜಿನ ನಾರಿನ ಹತ್ತಿ. ಹೊರಗಡೆ ನುಣುಪಾದ ಫೈಬರ್‌ಗ್ಲಾಸ್ ಇದ್ದರೆ ಒಳಗೆ ಹೆಚ್ಚಾಗಿ ಅಲ್ಯೂಮಿನಿಯಂ ಚೌಕ ಕೊಳವೆಗಳು, ನಡುವೆ ಥರ್ಮಾಕೋಲ್‌ನಂಥ ಫೋಮ್, ಎಲ್ಲವನ್ನೂ ಅಂಟು ಹಾಕಿ ಒತ್ತಿರುತ್ತಾರೆ. ಎರಡರಲ್ಲೂ ನಿಮ್ಮ ಕೈಗೆ ಸಿಗುವ ಒಳಮೈ ಸುಮಾರು 3 ಮಿ.ಮೀ. ಪ್ಲೈ ಮಾತ್ರ. ಅದರ ಮೇಲೆ ಗೋಡೆ ಕಾಗದದ ಹಾಗೆ ವಿನೈಲ್ ಹಾಳೆ. ಎರಡನೇ ಬಗೆಯಲ್ಲಿ ನೀರು ಒಳಗೆ ಹೋದರೆ ಅಂಟು ಬಿಟ್ಟು ಹೊರಗೋಡೆಯೇ ಉಬ್ಬಿಕೊಳ್ಳುತ್ತದೆ. ಆ ರಿಪೇರಿಯ ಖರ್ಚಿನಲ್ಲಿ ಹತ್ತಾರು ಟಿವಿ ಬರುತ್ತವೆ.

ಹಾಗಾದರೆ ಟಿವಿ ಎಲ್ಲಿ ಹಾಕುವುದು? ಕಂಪನಿಯವರು ಒಂದು ಜಾಗ ಯೋಚಿಸಿಟ್ಟಿರುತ್ತಾರೆ. ಗೋಡೆಯಲ್ಲಿ ಕೇಬಲ್ ತೂತು, ಪಕ್ಕದಲ್ಲೇ 12 ವೋಲ್ಟ್ ಸಾಕೆಟ್ ಜೊತೆಯಾಗಿ ಕಂಡರೆ, ಅಲ್ಲೇ ಹತ್ತಿರದಲ್ಲಿ ಗೋಡೆಯ ಹಿಂದೆ ಪ್ಲೈವುಡ್ ಅಥವಾ ಲೋಹದ ಹಲಗೆ ಕೂರಿಸಿರುವ ಸಾಧ್ಯತೆ ಜಾಸ್ತಿ. ಕೆಲವು ಗಾಡಿಗಳಲ್ಲಿ ಅಲ್ಲೇ ಒಂದು ಸ್ಟಿಕ್ಕರ್ ಕೂಡ ಇರುತ್ತದೆ. ಹಿಂದಿನ ಮಾಲೀಕರು ಅದನ್ನು ಕಿತ್ತಿದ್ದರೆ ಗಾಡಿಯ 17 ಅಕ್ಷರಗಳ ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಿಡಿದುಕೊಂಡು ಕಂಪನಿಗೆ ಫೋನ್ ಮಾಡಿ, ಟಿವಿ ಹಲಗೆ ಎಲ್ಲಿದೆ, ಎಷ್ಟು ಅಗಲ ಅಂತ ಕೇಳಿ. ಸಂಕೋಚ ಬೇಡ, ಅವರಿಗೆ ಇದು ದಿನದ ಪ್ರಶ್ನೆ.

ಫೋನಿನಲ್ಲಿ ಹೇಳಿದ್ದನ್ನೂ ಪೂರ್ತಿ ನಂಬಬೇಡಿ. ಬ್ರಾಕೆಟ್ ಮುಚ್ಚುವ ಜಾಗದಲ್ಲೇ ಒಂದೂವರೆ ಮಿ.ಮೀ.ನ ಸಣ್ಣ ತೂತು ಕೊರೆದು ನೋಡಿ. ಅದಕ್ಕೂ ಮೊದಲು ಹೊರಗಿನ ಕರೆಂಟ್ ವೈರ್ ಕಿತ್ತು, ಬ್ಯಾಟರಿಯ ಸ್ವಿಚ್ ಕೂಡ ಆರಿಸಿ. ಈ ಗೋಡೆಗಳೊಳಗೆ ವೈರ್‌ಗಳು ಎಲ್ಲಿ ಬೇಕಾದರೂ ಹಾದು ಹೋಗಿರುತ್ತವೆ. ಡ್ರಿಲ್ ಬಿಟ್‌ಗೆ ಮುಕ್ಕಾಲು ಇಂಚಿನಲ್ಲಿ ಟೇಪ್ ಸುತ್ತಿ, ಅದಕ್ಕಿಂತ ಒಳಗೆ ಹೋಗಬೇಡಿ. ಮರದ ಪುಡಿ ಬಂದು ಬಿಟ್ ಬಿಗಿಯಾಗಿ ಹೋದರೆ ಹಲಗೆ ಸಿಕ್ಕಿತು. ಹೊಳೆಯುವ ಸುರುಳಿ ಬಂದರೆ ಲೋಹ. ಸರ್ರಂತ ಒಳಗೆ ನುಗ್ಗಿದರೆ ಫೋಮ್ ಅಥವಾ ಟೊಳ್ಳು. ಅಲ್ಲಿ ಸ್ಕ್ರೂ ಹಾಕಬಾರದು. ಇನ್ನು ಅಯಸ್ಕಾಂತದಿಂದ ಹುಡುಕುತ್ತೇವೆ ಅನ್ನುವವರಿಗೆ ಒಂದು ಮಾತು: ಅದು ಅಲ್ಯೂಮಿನಿಯಂಗೂ ಮರಕ್ಕೂ ಅಂಟುವುದಿಲ್ಲ. ಒಳಗಿನ ಉಕ್ಕಿನ ಸ್ಕ್ರೂ, ಪಿನ್ನುಗಳ ಸಾಲು ಸಿಕ್ಕರೆ ರೀಪು ಎಲ್ಲಿದೆ ಅಂತ ಅಂದಾಜು ಮಾಡಬಹುದು, ಅಷ್ಟೆ.

ಹಲಗೆಯೇ ಇಲ್ಲ ಅಂತಾದರೆ ಹೊರಗೋಡೆಯನ್ನು ಬಿಟ್ಟುಬಿಡಿ ಅಂತಲೇ ನನ್ನ ಸಲಹೆ. ಮಲಗುವ ಜಾಗಕ್ಕೂ ಹಜಾರಕ್ಕೂ ನಡುವೆ, ಅಥವಾ ಬಾತ್‌ರೂಮ್ ಪಕ್ಕ ಒಂದು ಅಡ್ಡಗೋಡೆ ಇರುತ್ತದಲ್ಲ, ಅದನ್ನು ನೋಡಿ. ಅದರ ಎರಡೂ ಬದಿ ನಿಮ್ಮ ಕೈಗೆ ಸಿಗುತ್ತದೆ. ಒಂದು ಬದಿ ಬ್ರಾಕೆಟ್, ಇನ್ನೊಂದು ಬದಿ 12 ಮಿ.ಮೀ. ಪ್ಲೈವುಡ್ ತುಂಡು, ನಡುವೆ ಆರಪಾರ ಬೋಲ್ಟ್, ದೊಡ್ಡ ವಾಷರ್, ನಟ್. ತೆಳು ಪ್ಲೈ ಕುಸಿಯುವಷ್ಟು ಬಿಗಿಯಬೇಡಿ. ಮಳೆಯ ಭಯ ಇಲ್ಲ, ಕೀಳುವ ಭಯವೂ ಇಲ್ಲ. ಹಿಂಬದಿ ಕಪಾಟಿನ ಒಳಗೆ ಬಂದರೆ ಇನ್ನೂ ಚೆನ್ನ, ಬೋಲ್ಟ್ ಕಣ್ಣಿಗೇ ಬೀಳುವುದಿಲ್ಲ.

ಹೊರಗೋಡೆಯೇ ಬೇಕು ಅಂದರೆ, ಕನಿಷ್ಠ ಎರಡು ರೀಪುಗಳಿಗೆ ತಲುಪುವಷ್ಟು ಅಗಲದ 18 ಮಿ.ಮೀ. ಪ್ಲೈವುಡ್ ಹಲಗೆಯನ್ನು ಒಳಮೈಗೆ ಕೂರಿಸಿ, ರೀಪಿಗೆ ಸ್ಕ್ರೂ ಮಾಡಿ, ಬ್ರಾಕೆಟ್ಟನ್ನು ಆ ಹಲಗೆಗೆ ಹಾಕಿ. ಸ್ಕ್ರೂ ಉದ್ದ ಎಷ್ಟು ಅಂತ ಹಲಗೆಯ ದಪ್ಪ ಸೇರಿಸಿ ಅಳೆದುಕೊಳ್ಳಿ, ಹೊರತಗಡಿನ ತನಕ ಹೋಗಬಾರದು. ಅಂಟು ಕೂಡ ಹಾಕುವುದಾದರೆ ಆ ಜಾಗದ ವಿನೈಲ್ ಹಾಳೆಯನ್ನು ಕೆರೆದು ತೆಗೆಯಲೇಬೇಕು. ಇಲ್ಲದಿದ್ದರೆ ಅಂಟು ಹಿಡಿಯುವುದು ಹಾಳೆಯನ್ನು ಮಾತ್ರ, ಕಿತ್ತು ಬರುವಾಗ ಹಾಳೆಯ ಸಮೇತ ಬರುತ್ತದೆ.

ಟಿವಿ ಹಿಂದಿನ ನಾಲ್ಕು ತೂತುಗಳ ಅಳತೆಯನ್ನೂ ನೋಡಿಕೊಳ್ಳಿ. ಇದಕ್ಕೆ ವೆಸಾ ಅನ್ನುತ್ತಾರೆ. 32 ಇಂಚಿನಲ್ಲಿ 100×100 ಅಥವಾ 200×200 ಮಿ.ಮೀ. ಸಾಮಾನ್ಯ. 100ರದ್ದಕ್ಕೆ ಎಂ4 ಸ್ಕ್ರೂ (4 ಮಿ.ಮೀ. ದಪ್ಪದ್ದು), 200ರದ್ದಕ್ಕೆ ಹೆಚ್ಚಾಗಿ ಎಂ6. ಲೋಹಕ್ಕೆ ಕೂರುವ ಸ್ಕ್ರೂಗಳಿಗೆಲ್ಲ ನೀಲಿ ಬಣ್ಣದ ಥ್ರೆಡ್ ಲಾಕರ್, ಅಂದರೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ಒಂದು ಹನಿ ಹಾಕಿ. ಪ್ಲಾಸ್ಟಿಕ್‌ಗೆ ತಾಗದಂತೆ ಹಾಕಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರಿಯುತ್ತದೆ.

ಒಂದು ತೂತು ಕೊರೆಯುವ ಮೊದಲೂ ಮಾಡಬೇಕಾದ ಕೆಲಸ ಇನ್ನೊಂದಿದೆ. ನಿಮ್ಮ ಗಾಡಿಯಲ್ಲಿ ಹೊರಗೆ ಜರುಗುವ ಭಾಗ, ಅಂದರೆ ಸ್ಲೈಡ್‌ಔಟ್ ಇದ್ದರೆ ಅದನ್ನು ಒಳಗೆ ಎಳೆದು ನೋಡಿ. ಸೋಫಾ ಒಳಗೆ ಬಂದಾಗ ಟಿವಿಗೆ ಜಾಗ ಇರುತ್ತದಾ? ಟಿವಿ ಅಳತೆಯ ರಟ್ಟನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ, ಕಪಾಟಿನ ಬಾಗಿಲು, ಫ್ರಿಜ್ ಬಾಗಿಲು ಎಲ್ಲ ತೆರೆದು ಮುಚ್ಚಿ ನೋಡಿ.

ಕೊನೆಗೆ ನನ್ನ ಸ್ವಂತ ಅಭಿಪ್ರಾಯ: ಇಷ್ಟು ಚಿಕ್ಕ ಜಾಗದಲ್ಲಿ ತೋಳಿನ ಬ್ರಾಕೆಟ್ ನನಗೆ ಅಷ್ಟು ಇಷ್ಟವಿಲ್ಲ. ಗೋಡೆಗೆ ಒತ್ತಿ ನಿಲ್ಲುವ, ಟಿವಿಯನ್ನು ಎತ್ತಿ ತೆಗೆಯಬಹುದಾದ ಬ್ರಾಕೆಟ್ ಎರಡು ಕಡೆ ಹಾಕಿ. ಸಂಜೆ ಸೋಫಾ ಎದುರು, ರಾತ್ರಿ ಹಾಸಿಗೆ ಎದುರು. ಐದು ಕೆ.ಜಿ. ಎತ್ತಿಡುವುದು ದೊಡ್ಡ ಕೆಲಸವೇನಲ್ಲ. ಹೊರಡುವಾಗ ಟಿವಿಯನ್ನು ತೆಗೆದು ಕಂಬಳಿ ಸುತ್ತಿ, ಹಾಸಿಗೆಗೂ ಗೋಡೆಗೂ ನಡುವೆ ನೆಟ್ಟಗೆ ನಿಲ್ಲಿಸಿ. ಅಡ್ಡ ಮಲಗಿಸಬೇಡಿ. ಗಾಡಿ ಕುಲುಕಿದಾಗ ತೆಳ್ಳನೆಯ ಪರದೆ ನಡುವೆ ಬಾಗಿ ಸೀಳುತ್ತದೆ. ಅರಿಜೋನಾದ ಬೇಸಿಗೆಯಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ಬಿಸಿಲಲ್ಲಿ ನಿಲ್ಲಿಸುವುದಾದರೆ ಟಿವಿಯನ್ನು ಮನೆಯೊಳಗೇ ಇಟ್ಟುಕೊಳ್ಳಿ.

ಪ್ರಶ್ನೆ: ಕರೆಂಟ್ ಕನೆಕ್ಷನ್ ಇಲ್ಲದ ಕಾಡಿನ ಜಾಗಗಳಲ್ಲಿ ಉಳಿಯುತ್ತೇವೆ. 100 ಆಂಪ್-ಅವರ್‌ನ ಒಂದು ಲೆಡ್ ಆಸಿಡ್ ಬ್ಯಾಟರಿ, 2000 ವ್ಯಾಟ್ ಇನ್ವರ್ಟರ್ ಇದೆ. ರಾತ್ರಿ ಮೂರು ಗಂಟೆ ಟಿವಿ ನೋಡಿದರೆ ಬೆಳಿಗ್ಗೆ ಬ್ಯಾಟರಿ ಸುಸ್ತಾಗಿರುತ್ತದೆ. 12 ವೋಲ್ಟ್ ಟಿವಿ ಕೊಳ್ಳಬೇಕಾ?

ಉತ್ತರ: ಟಿವಿಯನ್ನು ಬೈಯಬೇಡಿ. 32 ಇಂಚಿನ ಎಲ್‌ಇಡಿ ಟಿವಿ ಸುಮಾರು 40 ವ್ಯಾಟ್ ತಿನ್ನುತ್ತದೆ ಅಂದುಕೊಂಡರೆ ಮೂರು ಗಂಟೆಗೆ 120 ವ್ಯಾಟ್-ಅವರ್. ಇನ್ವರ್ಟರ್‌ನಲ್ಲಿ ಸೋರುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ ಹೋಗುವುದು ಸುಮಾರು 12 ಆಂಪ್-ಅವರ್. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು ಅನ್ನುವ ಲೆಕ್ಕದಲ್ಲಿ ನಿಮ್ಮ ಕೈಲಿರುವುದು 50. ಅದರಲ್ಲಿ 12 ಹೋದರೆ ಏನೂ ಆಗಬಾರದು ಅಲ್ವಾ? ನಿಮ್ಮದು ದೊಡ್ಡ ಇನ್ವರ್ಟರ್. ಟಿವಿ ಆರಿಸಿದ ಮೇಲೂ ಅದು ಆನ್ ಇದ್ದರೆ ಸುಮ್ನೆ 10-20 ವ್ಯಾಟ್ ತಿನ್ನುತ್ತಲೇ ಇರುತ್ತದೆ. 15 ವ್ಯಾಟ್ ಅಂತ ಹಿಡಿದರೂ ದಿನಕ್ಕೆ 360 ವ್ಯಾಟ್-ಅವರ್, ಅಂದರೆ 30 ಆಂಪ್-ಅವರ್. ಟಿವಿಯ ಎರಡೂವರೆ ಪಟ್ಟು! ಮಲಗುವ ಮೊದಲು ಇನ್ವರ್ಟರ್ ಆರಿಸಿ ನೋಡಿ. ಅಥವಾ ಟಿವಿಗೆಂದೇ 150 ವ್ಯಾಟ್‌ನ ಚಿಕ್ಕ ಪ್ಯೂರ್ ಸೈನ್ ಇನ್ವರ್ಟರ್ (ಮನೆಯ ಕರೆಂಟಿನಂಥದ್ದೇ ನಯವಾದ ಕರೆಂಟ್ ಕೊಡುವುದು) ಇಟ್ಟುಕೊಳ್ಳಿ.

12 ವೋಲ್ಟ್ ಟಿವಿ ಕೊಳ್ಳುವುದಾದರೆ ಗಾಡಿಗೆಂದೇ ಮಾಡಿದ್ದು ಕೊಳ್ಳಿ. ಮನೆಯ ಸಣ್ಣ ಟಿವಿಯ ಅಡಾಪ್ಟರ್ ಮೇಲೆ ‘12 ವೋಲ್ಟ್’ ಅಂತ ಇದೆ ಅಂದ ಮಾತ್ರಕ್ಕೆ ಬ್ಯಾಟರಿಗೆ ನೇರ ಜೋಡಿಸಬೇಡಿ. ಗಾಡಿಯ ‘12 ವೋಲ್ಟ್’ ಚಾರ್ಜ್ ಆಗುವಾಗ 14.4 ದಾಟುತ್ತದೆ, ಬ್ಯಾಟರಿ ಇಳಿದಾಗ 11ಕ್ಕೆ ಬರುತ್ತದೆ. ನಡುವೆ ವೋಲ್ಟೇಜನ್ನು 12ಕ್ಕೇ ಹಿಡಿದಿಡುವ ಒಂದು ಡಿಸಿ ಸ್ಟೆಬಿಲೈಸರ್ ಬೇಕು. ಕೆಲವು ಅಡಾಪ್ಟರ್‌ಗಳ ಮೇಲೆ 19 ವೋಲ್ಟ್ ಅಂತ ಇರುತ್ತದೆ, ಅದಕ್ಕೆ ವೋಲ್ಟೇಜ್ ಏರಿಸುವ ಕನ್ವರ್ಟರ್ ಬೇಕು. ಎರಡಕ್ಕೂ ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ.

ಪ್ರಶ್ನೆ: ಟ್ರೇಲರ್ ಮೇಲೆ ರೆಕ್ಕೆಯಂಥ ಆಂಟೆನಾ ಇದೆ. ಮನೆ ಹತ್ತಿರ ಚಾನೆಲ್ ಬಂದವು, ಬೇರೆ ಊರಿಗೆ ಹೋದಾಗ ಒಂದೂ ಇಲ್ಲ. ಆಂಟೆನಾ ಕೆಟ್ಟಿದೆಯಾ?

ಉತ್ತರ: ಇರಲಾರದು. ಊರು ಬದಲಾದಾಗಲೆಲ್ಲ ಟಿವಿಯಲ್ಲಿ ಚಾನೆಲ್ ಹುಡುಕಾಟ ಹೊಸದಾಗಿ ಮಾಡಬೇಕು. ಗೋಡೆಯ ಕೇಬಲ್ ಸಾಕೆಟ್ ಪಕ್ಕ ಒಂದು ಚಿಕ್ಕ ಬಟನ್, ದೀಪ ಇರುತ್ತದೆ. ಅದು ಆಂಟೆನಾದ ಬೂಸ್ಟರ್. ಆಂಟೆನಾ ಬಳಸುವಾಗ ಆನ್, ಕ್ಯಾಂಪ್ ಗ್ರೌಂಡ್‌ನವರ ಕೇಬಲ್ ಬಳಸುವಾಗ ಆಫ್. ರೆಕ್ಕೆಯನ್ನು ಮೇಲೆತ್ತಿ, ಆ ಊರಿನ ಟವರ್ ಕಡೆಗೆ ತಿರುಗಿಸಿ. ಹೊರಡುವಾಗ ಇಳಿಸಲು ಮರೆಯಬೇಡಿ. ಮರೆತವರ ರೆಕ್ಕೆಗಳನ್ನು ಮರದ ಕೊಂಬೆಗಳು ಎಷ್ಟೋ ಕಿತ್ತುಕೊಂಡಿವೆ.

ಪ್ರಶ್ನೆ: ನಮ್ಮದು ಬೆಂಗಳೂರು. ಫೋರ್ಸ್ ಟ್ರಾವೆಲರ್ ವ್ಯಾನ್ ಅನ್ನು ಕ್ಯಾಂಪರ್ ಮಾಡಿಸುತ್ತಿದ್ದೇವೆ. 24 ಇಂಚಿನ ಟಿವಿ ಹಾಕುವಾಗ ಏನು ನೋಡಬೇಕು?

ಉತ್ತರ: ನಿಮ್ಮ ಕೆಲಸ ಸುಲಭ, ಯಾಕೆಂದರೆ ಬಾಡಿ ಉಕ್ಕಿನದ್ದು. ಇಲ್ಲಿ ಅಯಸ್ಕಾಂತ ಕೆಲಸಕ್ಕೆ ಬರುತ್ತದೆ. ಒಳಗಿನ ಪ್ಯಾನೆಲ್ ಮುಚ್ಚುವ ಮೊದಲೇ ಟಿವಿಯ ಜಾಗ ಗೊತ್ತುಮಾಡಿ, ಎರಡು ಪಕ್ಕೆಲುಬು ಪಟ್ಟಿಗಳ ನಡುವೆ ಒಂದು ಉಕ್ಕಿನ ಪಟ್ಟಿ ಅಥವಾ 18 ಮಿ.ಮೀ. ಪ್ಲೈವುಡ್ ಕೂರಿಸಲು ಹೇಳಿ. ಪಟ್ಟಿಗೆ ತೂತು ಕೊರೆದು ಎಂ6 ರಿವೆಟ್ ನಟ್ (ತೂತಿನಲ್ಲೇ ಕಚ್ಚಿ ಕೂರುವ ನಟ್) ಹಾಕಿಸಿದರೆ ಬೋಲ್ಟ್ ಎಷ್ಟು ಸಲ ಬೇಕಾದರೂ ಬಿಚ್ಚಿ ಹಾಕಬಹುದು. ತಗಡಿನ ಸ್ಕ್ರೂಗೆ ಒಪ್ಪಬೇಡಿ, ನಮ್ಮ ಹಂಪ್‌ಗಳಿಗೆ ಅದು ಬೇಗ ಸಡಿಲವಾಗುತ್ತದೆ. ಕೊರೆದ ಅಂಚಿಗೆಲ್ಲ ಜಿಂಕ್ ಪ್ರೈಮರ್ ಹಚ್ಚಿಸಿ. ಆಮೇಲೆ ಪ್ಯಾನೆಲ್ ಒಳಗೆ ತುಕ್ಕು ಹಿಡಿದರೆ ಗೊತ್ತಾಗುವುದೇ ಇಲ್ಲ.

ಚಾಲಕನ ಕಣ್ಣಿಗೆ ಕಾಣುವ ಕಡೆ ಪರದೆ ಬೇಡ. 2017ರ ಚಾಲನಾ ನಿಯಮಗಳ ಪ್ರಕಾರ ಗಾಡಿ ಓಡಿಸುವಾಗ ದಾರಿ ತೋರಿಸುವುದಕ್ಕೆ ಬಿಟ್ಟರೆ ವಿಡಿಯೊ ನೋಡುವಂತಿಲ್ಲ. ಹಿಂದಿನ ಸೀಟಿನಲ್ಲಿ ಕೂತವರ ತಲೆ ನೇರಕ್ಕೂ ಹಾಕಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಟಿವಿಯ ಮೂಲೆಗೆ ತಲೆ ಬಡಿಯುತ್ತದೆ.

ಕನ್ನಡ ಚಾನೆಲ್ ಬೇಕು ಅಂದರೆ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ತಿಂಗಳ ಬಾಡಿಗೆ ಇಲ್ಲದೆ ಸಿಗುತ್ತದೆ. ಆದರೆ ಗಾಡಿ ನಿಲ್ಲಿಸಿದ ಕಡೆಯೆಲ್ಲ ತಟ್ಟೆಯನ್ನು ಹೊಸದಾಗಿ ತಿರುಗಿಸಿ ಕೂರಿಸಬೇಕು. ಎರಡು ದಿನ ಒಂದೇ ಕಡೆ ಇರುವುದಾದರೆ ಪರವಾಗಿಲ್ಲ. ಒಂದು ರಾತ್ರಿಗಾದರೆ ಫೋನಿನ ಹಾಟ್‌ಸ್ಪಾಟೇ ವಾಸಿ.