ಡೀಸೆಲ್ ಶೆಡ್‌ಗೆ ಡ್ರೈ ಐಸ್ ಬೇಡ ಅಣ್ಣ, ಯಾಕೆ ಅಂತ ಹೇಳುತ್ತೇನೆ

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಆಲೆಮನೆ ಪಕ್ಕದ ಶೆಡ್‌ನಲ್ಲಿ ಗಾಣದ ಡೀಸೆಲ್ ಎಂಜಿನ್ ಇದೆ, ಡ್ರಮ್ಮಿನಲ್ಲಿ ಡೀಸೆಲ್ ಇದೆ, ಕಳೆ ಹೊಡೆಯುವ ಮಿಷನ್‌ಗೆ ಕ್ಯಾನ್‌ನಲ್ಲಿ ಪೆಟ್ರೋಲ್ ಇದೆ. ಮೈಸೂರಿನಲ್ಲಿ ಐಸ್‌ಕ್ರೀಮ್ ಗಾಡಿ ಓಡಿಸುವ ನಿಮ್ಮ ಬಾಮೈದ ಉಳಿದ ಡ್ರೈ ಐಸ್ ತಂದುಕೊಡುತ್ತೇನೆ ಅಂದಿದ್ದಾರೆ. ಉರಿಯುವ ಪೆಟ್ರೋಲ್ ತಟ್ಟೆಗೆ ಅದನ್ನು ಹಾಕಿದ ತಕ್ಷಣ ಆರಿದ ವಿಡಿಯೋ ನೋಡಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಸಾಕಾಗಲ್ವಾ ಅಂತ ಕೇಳಿದ್ದೀರಿ. ಸಾಕಾಗಲ್ಲ.

ವಿಡಿಯೋ ಸುಳ್ಳಲ್ಲ. ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಮೈನಸ್ 78.5 ಡಿಗ್ರಿಯಲ್ಲಿ ಅದು ಕರಗಿ ನೀರಾಗದೆ ನೇರವಾಗಿ ಅನಿಲವಾಗುತ್ತದೆ. ಆ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ಸಣ್ಣ ತಟ್ಟೆಯ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ, ಉರಿಗೆ ಆಮ್ಲಜನಕ ಸಿಗುವುದಿಲ್ಲ. ತಣ್ಣಗಿದೆ ಅಂತ ಬೆಂಕಿ ಆರುತ್ತದೆ ಅಂದುಕೊಳ್ಳುವವರು ಜಾಸ್ತಿ. ಆದರೆ ಒಂದು ಕೆಜಿ ಡ್ರೈ ಐಸ್ ಅನಿಲವಾಗುವಾಗ ಹೀರುವ ಶಾಖ, ಒಂದು ಕೆಜಿ ನೀರು ಆವಿಯಾಗುವಾಗ ಹೀರುವುದರ ಕಾಲು ಭಾಗ ಅಷ್ಟೆ. ಅಂದರೆ ಉರಿ ಆರಿದರೂ ಸೈಲೆನ್ಸರ್, ಎಂಜಿನ್ ಮೈ ಹಾಗೇ ಕಾದಿರುತ್ತದೆ, ಅನಿಲ ಚದುರಿದ ಮೇಲೆ ಮತ್ತೆ ಭಗ್ಗನೆ ಹತ್ತಿಕೊಳ್ಳಬಹುದು.

ಈಗ ನಿಮ್ಮ ಶೆಡ್‌ಗೆ ಲೆಕ್ಕ ಹಾಕೋಣ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಅಂದರೆ ಸುಮಾರು 28,000 ಲೀಟರ್ ಗಾಳಿ. ಡೀಸೆಲ್, ಪೆಟ್ರೋಲ್ ಉರಿ ಆರಬೇಕಾದರೆ ಅದರಲ್ಲಿ ಮೂರನೇ ಒಂದು ಭಾಗದಷ್ಟು ಈ ಅನಿಲ ತುಂಬಬೇಕು. ಒಂದು ಕೆಜಿ ಡ್ರೈ ಐಸ್‌ನಿಂದ ಬರುವುದು ಸುಮಾರು 540 ಲೀಟರ್. ಹಾಗಾಗಿ 17-18 ಕೆಜಿ ಬೇಕು, ಅದೂ ಬಾಗಿಲು ಕಿಟಕಿ ಮುಚ್ಚಿ, ಒಂದೆರಡು ನಿಮಿಷದಲ್ಲಿ ಪೂರ್ತಿ ಅನಿಲವಾಗಬೇಕು. ಗಟ್ಟಿ ಅಷ್ಟು ಬೇಗ ಅನಿಲವಾಗುವುದಿಲ್ಲ. ಇನ್ನು ಪೆಟ್ಟಿಗೆಯಲ್ಲಿ ಇಟ್ಟರೆ ದಿನಕ್ಕೆ ಎರಡರಿಂದ ನಾಲ್ಕು ಕೆಜಿ ತಾನಾಗೇ ಹೋಗುತ್ತಿರುತ್ತದೆ. ಸೋಮವಾರ ತಂದ ಹತ್ತು ಕೆಜಿ ಶುಕ್ರವಾರ ಬೆಂಕಿ ಬಿದ್ದಾಗ ಇರುವುದೇ ಇಲ್ಲ! ಹೋಗದಿರಲಿ ಅಂತ ಯಾರಾದರೂ ಗಟ್ಟಿ ಮುಚ್ಚಳದ ಕ್ಯಾನಿಗೆ ತುಂಬಿಟ್ಟರಂತೂ ಒತ್ತಡಕ್ಕೆ ಅದೇ ಸಿಡಿಯುತ್ತದೆ.

ಇನ್ನೊಂದು ವಿಷಯ. ಡ್ರೈ ಐಸ್ ಗಡ್ಡೆ ಎಣ್ಣೆಗಿಂತ ಭಾರ, ಆಳವಿರುವ ಪಾತ್ರೆಗೆ ಹಾಕಿದರೆ ತಳಕ್ಕೆ ಹೋಗಿ ಕೊತಕೊತ ಅಂತ ಅನಿಲ ಬಿಡುತ್ತದೆ. ಉರಿಯುವ ಎಣ್ಣೆ ಉಕ್ಕಿ ಹೊರಗೆ ಚೆಲ್ಲುತ್ತದೆ. ಅಡುಗೆ ಮನೆಯ ಬಾಣಲೆಗೂ ಇದೇ ಮಾತು, ಅಲ್ಲಿ ಗ್ಯಾಸ್ ಆಫ್ ಮಾಡಿ ತಟ್ಟೆ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ, ಅಷ್ಟೇ.

ನನಗೆ ನಿಜವಾಗಿ ಭಯ ಇರುವುದು ಬೆಂಕಿಯದ್ದಲ್ಲ, ಆ ಅನಿಲದ್ದು. ನಮ್ಮ ಕಡೆ ಹಳೆ ಬಾವಿಯೊಳಗೆ ಮೆಟ್ಟಿಲಿಳಿದು ಪಂಪು ಕೂರಿಸಿರುವುದು ನೀವೂ ನೋಡಿರುತ್ತೀರಿ. ಭಾರದ ಅನಿಲ ನೀರಿನ ಹಾಗೆ ತಗ್ಗಿಗೇ ಹರಿಯುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಹತ್ತು ಭಾಗ ಆದರೆ ಸಾಕು, ಕೆಲವೇ ನಿಮಿಷದಲ್ಲಿ ಮನುಷ್ಯನಿಗೆ ಎಚ್ಚರ ತಪ್ಪುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಬಾವಿ, ಗುಂಡಿ, ಮುಚ್ಚಿದ ಕೋಣೆ, ಗಾಜು ಏರಿಸಿದ ಕಾರು, ಎಲ್ಲೂ ಡ್ರೈ ಐಸ್ ಇಟ್ಟುಕೊಂಡು ಕೂರಬೇಡಿ. ಬಾಮೈದನಿಗೂ ದಯವಿಟ್ಟು ಹೇಳಿ. ಬರಿಗೈಲಿ ಮುಟ್ಟಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ, ಮಕ್ಕಳಿಗೆ ಹೊಗೆ ತೋರಿಸಲು ಕೊಡುವುದು ಬೇಡ.

ಹಾಗಾದರೆ ಏನಿಟ್ಟುಕೊಳ್ಳಬೇಕು? ನಾಲ್ಕು ವರ್ಷದ ಹಿಂದೆ ಪಾಂಡವಪುರದ ಹತ್ತಿರ ನಮ್ಮ ತೋಟದಲ್ಲಿ ಅಣ್ಣನ ಮಗ ಕಾದ ಮಿಷನ್‌ಗೆ ಪೆಟ್ರೋಲ್ ಹಾಕುವಾಗ ಹತ್ತಿಕೊಂಡಿತು. ನಾನು ಗಾಬರಿಯಲ್ಲಿ ಒಂದು ಬಕೆಟ್ ನೀರು ಎಸೆದೆ. ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡಿ ತರಗಿನ ರಾಶಿಗೇ ಹತ್ತಿತು. ಹುಡುಗನ ಮೊಣಕಾಲಿನ ಕೆಳಗೆ ಸುಟ್ಟಿತು, ಆ ಕಲೆ ಇನ್ನೂ ಇದೆ. ಅವತ್ತು ಕೈಗೆ ಸಿಗುವ ಜಾಗದಲ್ಲಿ ಬೆಂಕಿ ಆರಿಸುವ ಒಂದು ಸಿಲಿಂಡರ್ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಡೀಸೆಲ್, ಪೆಟ್ರೋಲ್‌ಗೆ 6 ಕೆಜಿಯ ಎಬಿಸಿ ಪೌಡರ್ (ಕಟ್ಟಿಗೆ, ಎಣ್ಣೆ, ಗ್ಯಾಸ್ ಮೂರರ ಬೆಂಕಿಗೂ ಆಗುವ ಪುಡಿ) ಸಿಲಿಂಡರ್ ತೆಗೆದುಕೊಳ್ಳಿ. ಗಾಳಿಯಲ್ಲೂ ಕೆಲಸ ಮಾಡುತ್ತದೆ. ಶೆಡ್ ಒಳಗಲ್ಲ, ಬಾಗಿಲ ಹೊರಗೆ ನೇತು ಹಾಕಿ, ಬೆಂಕಿ ದಾಟಿಕೊಂಡು ಹೋಗಿ ತರುವ ಹಾಗಿರಬಾರದು. ಅದರ ಒತ್ತಡದ ಮೀಟರಿನ ಮುಳ್ಳು ಹಸಿರಿನಲ್ಲಿದೆಯಾ ಅಂತ ಆಗಾಗ ನೋಡಿ. ಗಾಳಿ ಬೆನ್ನಿಗೆ ಬರುವ ಹಾಗೆ ನಿಂತು, ಎಂಟು-ಹತ್ತು ಅಡಿ ದೂರದಿಂದ, ಜ್ವಾಲೆಗಲ್ಲ ಅದರ ಬುಡಕ್ಕೆ, ಕಸ ಗುಡಿಸಿದ ಹಾಗೆ ಆ ಕಡೆ ಈ ಕಡೆ ಹೊಡೆಯಿರಿ. ಆರಿದ ಮೇಲೂ ತಕ್ಷಣ ಬೆನ್ನು ತಿರುಗಿಸಬೇಡಿ. ಜೊತೆಗೆ ಎರಡು ಬಕೆಟ್ ಒಣ ಮರಳು ಮುಚ್ಚಿಡಿ, ನೆಲದ ಮೇಲೆ ಚೆಲ್ಲಿದ ಡೀಸೆಲ್‌ಗೆ ಅದು ಬಹಳ ಒಳ್ಳೆಯದು. ಕಬ್ಬಿನ ಸಿಪ್ಪೆ ರಾಶಿಗೆ ಮಾತ್ರ ನೀರೇ ಬೇಕು, ಒಳಗೊಳಗೇ ಕೆಂಡ ಇರುತ್ತದೆ. ಕೈ ಮೀರುತ್ತಿದೆ ಅನ್ನಿಸಿದರೆ ಸಾಮಾನು ಬಿಟ್ಟು ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಡ್ರೈ ಐಸ್‌ನ ಕೆಲಸವೇ ಬೇಕು ಅಂದರೆ ಸಿಒಟು, ಅಂದರೆ ಅದೇ ಕಾರ್ಬನ್ ಡೈಆಕ್ಸೈಡ್ ತುಂಬಿದ ಸಿಲಿಂಡರ್ ಇದೆ. ಒಳಗೆ ದ್ರವವಾಗಿರುವುದು ಕಹಳೆಯಂಥ ಮೂತಿಯಿಂದ ಬರುವಾಗ ಒಂದಷ್ಟು ಬಿಳಿ ಹಿಮದ ಪುಡಿಯಾಗುತ್ತದೆ, ನಿಮ್ಮ ಡ್ರೈ ಐಸ್ ಅದೇ. ಕರೆಂಟ್ ಹರಿಯಲ್ಲ, ಪುಡಿ ಉಳಿಯಲ್ಲ, ಹಾಗಾಗಿ ಮೋಟಾರ್ ಸ್ಟಾರ್ಟರ್, ಪ್ಯಾನಲ್ ಬೋರ್ಡ್‌ಗೆ ಅದಕ್ಕಿಂತ ಒಳ್ಳೆಯದಿಲ್ಲ. ಹೊಡೆಯುವಾಗ ಮೂತಿ ಹಿಡಿಯಬೇಡಿ, ಕೈ ಮರಗಟ್ಟುತ್ತದೆ. ಬಯಲಲ್ಲಿ ಗಾಳಿ ಬೀಸಿದರೆ ಅನಿಲ ಚದುರಿ ವ್ಯರ್ಥ.

ಆಲೆಮನೆಯಲ್ಲಿ ಖಾಲಿ ಡ್ರಮ್ ವೆಲ್ಡಿಂಗ್ ಮಾಡಿಸುತ್ತೀರಲ್ಲ, ಅದಕ್ಕೆ ಮುಂಚೆ ಒಳಗೆ ಸಿಒಟು ಹೊಡೆದರೆ ಸೇಫ್ ಅಂತ ಹೇಳುವವರಿದ್ದಾರೆ. ಮಾಡಬೇಡಿ. ರಭಸವಾಗಿ ಬರುವ ಆ ಹಿಮದ ಪುಡಿಯಿಂದ ಸ್ಥಾಯಿ ವಿದ್ಯುತ್ ಹುಟ್ಟಿ ಕಿಡಿ ಹಾರಬಹುದು. 1954ರಲ್ಲಿ ಜರ್ಮನಿಯ ಬಿಟ್‌ಬುರ್ಗ್‌ನಲ್ಲಿ ವಿಮಾನ ಇಂಧನದ ಟ್ಯಾಂಕಿಗೆ ಪರೀಕ್ಷೆಗೆಂದು ಸಿಒಟು ಬಿಟ್ಟಾಗ ಟ್ಯಾಂಕೇ ಸಿಡಿದು ಜನ ಸತ್ತರು. ಉರಿಯದೇ ಇದ್ದ ಟ್ಯಾಂಕು ಅದು.

ಸಿಒಟು ಸಿಲಿಂಡರಿನಲ್ಲಿ ಮುಳ್ಳು ಇರುವುದಿಲ್ಲ, ತೂಕದಿಂದಲೇ ಗೊತ್ತಾಗಬೇಕು. ಬೆಲ್ಲ ತೂಗುವ ತಕ್ಕಡಿ ನಿಮ್ಮಲ್ಲೇ ಇದೆ. ತಂದ ದಿನವೇ ತೂಗಿ ಗೋಡೆ ಮೇಲೆ ಬರೆದಿಡಿ, ಆರು ತಿಂಗಳಿಗೊಮ್ಮೆ ಮತ್ತೆ ತೂಗಿ. ಒಳಗಿನ ಅನಿಲದಲ್ಲಿ ನೂರಕ್ಕೆ ಹತ್ತು ಭಾಗ ಕಡಿಮೆಯಾಗಿದ್ದರೆ ತುಂಬಿಸಲು ಕಳಿಸಿ.

ಒಂದು ಕೇಳಬೇಕಿತ್ತು, ನಿಮ್ಮ ನೀರಿನ ಪಂಪು ಬಾವಿಯೊಳಗಿದೆಯಾ, ಮೇಲಿದೆಯಾ? ಒಳಗಿದ್ದರೆ ಅಲ್ಲಿಗೆ ಸಿಒಟು ತರಬೇಡಿ, ಮೊದಲು ನನಗೆ ತಿಳಿಸಿ, ಅದಕ್ಕೆ ಬೇರೆ ದಾರಿ ನೋಡೋಣ.